ಳ ಪುಟ

ಆದೇಶದ ನಾಲ್ಕನೇ ಹಾಳೆಯಲ್ಲಿ ನಾವಿದ್ದೇವೆ:
ಬೇಸಿಗೆ ರಜೆಯಲ್ಲಿ ಇಪ್ಪತ್ತು ದಿನ, ದಸರೆಗೆ ಐದು,
ಭಾನುವಾರ ಸಂಜೆ ಏಳರಿಂದ ಏಳೂವರೆ ವಿಡಿಯೋ ಕಾಲ್.
ರಾಜ್ಯದ ಗಡಿ ದಾಟಲು ತಂದೆಯ ಅಭ್ಯಂತರವಿಲ್ಲ ಎಂಬಲ್ಲಿ
ರುದ್ರೇಶನ ಸಹಿ.
ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ
ನನ್ನ ಪೆನ್ನು ಇಸಿದುಕೊಂಡು ಹಾಕಿದ್ದು.
ಸೊಸೈಟಿ ಬ್ಯಾಂಕಿನ ಗುಮಾಸ್ತ,
ಮದುವೆ ನೋಂದಣಿಯ ದಿನವೂ ಜೇಬಿನಲ್ಲಿ ಪೆನ್ನಿರಲಿಲ್ಲ.

ಹನ್ನೊಂದು ವರ್ಷ ಬೇರೆಯವರ ಹೊಲಿಗೆಯಲ್ಲಿ
ತಪ್ಪು ಹುಡುಕಿ ಅನ್ನ ತಿಂದವಳು ನಾನು.
ಮಾಚೇನಹಳ್ಳಿಯ ಗಾರ್ಮೆಂಟ್ಸಿನ ಮೂರನೇ ಲೈನಿನಲ್ಲಿ
ಕಾಲರ್ ಕೂದಲೆಳೆ ಸೊಟ್ಟಗಿದ್ದರೂ ಬೆರಳಿಗೆ ತಿಳಿಯುತ್ತಿತ್ತು.
ಮನೆಯದ್ದು ತಿಳಿಯಲು ಅಷ್ಟೂ ವರ್ಷ ಹಿಡಿಯಿತು.
ತಿರುಪ್ಪೂರಿನಲ್ಲಿ ಸಂಬಳ ಒಂದೂವರೆ ಪಟ್ಟು,
ಕ್ವಾರ್ಟರ್ಸ್ ಉಂಟು, ಶಾಲೆ ನಡೆದು ಹೋಗುವ ದೂರ.
ಇದನ್ನೆಲ್ಲ ನ್ಯಾಯಾಧೀಶರಿಗೆ ಹೇಳಿದೆ.
ಹೇಳದೇ ಉಳಿದದ್ದು:
ವಿನೋಬನಗರದ ತರಕಾರಿಯವನೂ ಕೊತ್ತಂಬರಿ ಕಟ್ಟುತ್ತಾ
"ಸರಿಹೋಯ್ತಾ ಅಕ್ಕಾ?" ಅನ್ನುತ್ತಾನೆ.
ಅಲ್ಲಿ ಯಾರೂ ಕೇಳುವುದಿಲ್ಲ.
ಕೇಳಿದರೂ ನನಗೆ ಅರ್ಥವಾಗುವುದಿಲ್ಲ.

ಸಂಪದಳನ್ನು ಒಳಗೆ ಕರೆದು ಕೇಳಿದರಂತೆ
ಯಾರ ಜೊತೆ ಇರ್ತೀಯಮ್ಮ ಅಂತ.
ಸೈಕಲ್ ಯಾರ ಜೊತೆ ಇರುತ್ತೆ, ಅಂದಳಂತೆ.
ಬರೆದುಕೊಂಡರೋ ಇಲ್ಲವೋ,
ಆದೇಶದಲ್ಲಂತೂ ಸೈಕಲ್ ಇಲ್ಲ.
ಅದೀಗ ಲಾರಿಯೊಳಗೆ, ಬೀರುವಿನ ಬೆನ್ನಿಗೆ ಕಟ್ಟಿಸಿಕೊಂಡು.
ದಾರದ ಲೋಡು ಇಳಿಸಿ ಖಾಲಿ ವಾಪಸಾಗುವ
ತಮಿಳು ನಂಬರಿನ ಲಾರಿ, ಬಾಡಿಗೆ ಅರ್ಧ.
ಡ್ರೈವರ್ ಹಗ್ಗ ಬಿಗಿದು "ಪೋಲಾಮಾ?" ಅಂದ.
ರಾತ್ರಿ ಬಚ್ಚಲಲ್ಲಿ ಹುಡುಗಿ ಅದನ್ನೇ
ಬಕೆಟ್ಟಿಗೆ ಹೇಳಿ ಹೇಳಿ ನೋಡುತ್ತಿದ್ದಳು.

ಅವನು ಬಂದದ್ದು ಅದಕ್ಕೂ ಮುಂಚೆ.
ಚಪ್ಪಲಿ ಬಿಡಲೋ ಬೇಡವೋ ಅಂತ ಹೊಸ್ತಿಲಲ್ಲೇ ನಿಂತ.
ಕೂರು ಅನ್ನಲು ಕುರ್ಚಿ ಇರಲಿಲ್ಲ,
ಅದು ನನಗೆ ಅನುಕೂಲವೇ ಆಯಿತು.
ನಿಶ್ಚಲನ ಕೈಗೆ ಒಂದು ಕಾಪಿ ಪುಸ್ತಕ ಕೊಟ್ಟು
"ಅಲ್ಲಿ ಕನ್ನಡ ಇರಲ್ವಲ್ಲ" ಅಂದ,
ನನಗಲ್ಲ, ಗೋಡೆಯಲ್ಲಿ ಉಳಿದ ಮೊಳೆಗೆ.
ಜಗಳ ತೆಗೆಯುವ ದನಿಯಲ್ಲ ಅದು. ಆ ದನಿ ನಾನು ಬಲ್ಲೆ.

ಮಕ್ಕಳು ಮಲಗಿದ ಮೇಲೆ ತೆರೆದೆ.
ಪುಟಕ್ಕೊಂದು ಅಕ್ಷರ, ಮೇಲಿನ ಗೆರೆಗೆ ಒಂದು ಪದ,
ಕೆಳಗೆ ಹುಡುಗ ತಿದ್ದಲು ಹತ್ತು ಖಾಲಿ ಗೆರೆ.
ಎಷ್ಟು ರಾತ್ರಿ ಕೂತಿದ್ದನೋ,
ಹಾಲಿನ ಲೆಕ್ಕಕ್ಕೆ ಐದು ನಿಮಿಷ ಕೂರದವನು.
ಅ, ಅಳಿಲು. ಅಳಿಲಿನ ಅಡಿಗೆ ವೈಟ್ನರ್.
ದೀಪಕ್ಕೆ ಹಿಡಿದರೆ ಒಳಗಿನದು ಕಾಣುತ್ತದೆ,
ಎರಡೇ ಅಕ್ಷರ, ಒಂದು ಒತ್ತು.
ಹಿಡಿದೆ. ಪುಟ ತಿರುಗಿಸಿದೆ.
ಠ ಅಂದರೆ ಅವನಿಗೆ ಹೊಳೆದದ್ದು ಠಸ್ಸೆ.
ತ, ತುಂಗೆ. ಮ, ಮಂಡಕ್ಕಿ.
ಙ ಞ ಬಿಟ್ಟಿದ್ದಾನೆ, ಯಾರು ಬಿಡುವುದಿಲ್ಲ.
ಣಕ್ಕೆ ಹೇಗೋ ಒಂದು ಬಾಣ ಬಿಡಿಸಿದ್ದಾನೆ, ಮೊನೆ ಮುರಿದಂತಿದೆ.
ಕೊನೆಯ ಪುಟ, ಳ, ಪದವಿಲ್ಲ.

ಅವನ ತಪ್ಪಲ್ಲ.
ಳ ದಿಂದ ಯಾವ ಮಾತೂ ಶುರುವಾಗುವುದಿಲ್ಲ.
ನಡುವೆ ಸಿಕ್ಕಿಕೊಳ್ಳುತ್ತದೆ, ಇಲ್ಲಾ ತುದಿಗೆ ಬಂದು ನಿಲ್ಲುತ್ತದೆ:
ಮೊಳೆ, ಹೊಳೆ, ಕಳೆ,
ಅವಳು, ಹೋದಳು,
ಮಕ್ಕಳು.
ಚಾಪೆಯ ಮೇಲೆ ಬಹಳ ಹೊತ್ತು
ಒಂದಾದರೂ ಪದ ಸಿಕ್ಕೀತೇ ಅಂತ ಹುಡುಕಿದೆ,
ಸೇತುವೆಯ ಮೇಲೆ ಕೊನೆಯ ಬಸ್ಸು ಹೋಗುವವರೆಗೂ.

ಬೆಳಿಗ್ಗೆ ನೋಡಿದರೆ ಖಾಲಿ ಹಾಲಿನ ನಡುವೆ
ಹೊಟ್ಟೆ ಮೇಲೆ ಮಲಗಿ ನಿಶ್ಚಲ ಬರೆಯುತ್ತಿದ್ದಾನೆ.
ಹತ್ತೂ ಗೆರೆ ತುಂಬಿದೆ:
ಳಾರಿ. ಳಾರಿ. ಳಾರಿ.
"ಲಾರಿ ಕಣೋ" ಅಂದೆ.
"ಇದು ಹತ್ತು ಚಕ್ರದ್ದು ಅಮ್ಮ, ದೊಡ್ಡದು. ಅದಕ್ಕೇ."

ತಪ್ಪು ಹುಡುಕುವ ಬೆರಳು ಪುಟದ ಮೇಲೆ ಹೋಗಿ ನಿಂತಿತು.
ಹೊರಗೆ ಸ್ಟೇಷನ್ನಿನ ಆಟೋದವನು ಹಾರನ್ ಹೊಡೆದ.
ಇರಲಿ ಬಿಡು.
ದಸರೆಯ ಐದು ದಿನದಲ್ಲಿ ಅವನ ಅಪ್ಪ ತಿದ್ದಿಸಲಿ.
ಪೆನ್ನು ನಾನೇ ಕಳಿಸುತ್ತೇನೆ.