ಎರಡು ಬೆರಳು ಮುಂದೆ

ಶಿಡ್ಲಘಟ್ಟದ ಶಾದಿಮಹಲಿನ ಮೇಲೆ
ಫೋಟೋದವನ ಡ್ರೋನು ಗುಂಯ್ ಅಂದಾಗ
ಬಿರಿಯಾನಿ ತಟ್ಟೆ ಪಕ್ಕಕ್ಕಿಟ್ಟು
ದಸ್ತಗೀರ್ ಮಾವ ಕತ್ತೆತ್ತಿದರು.
ಎಂಜಲುಗೈ ಗಾಳಿಯಲ್ಲೇ
ಇಲ್ಲದ ಚಕ್ರವೊಂದನ್ನು ತಿರುಗಿಸಿತು.

ಅವರ ಎಲ್-ಸೆವೆಂಟಿ ಗನ್ನು ಅವರ ಓರಗೆಯದು.
ಇವರು ರಿಟೈರಾಗಿ ಹತ್ತೊಂಬತ್ತು ವರ್ಷ,
ಅದಿನ್ನೂ ಡ್ಯೂಟಿಯಲ್ಲಿದೆ;
ಹೊಸ ಕಣ್ಣು ಕೂರಿಸಿದ್ದಾರಂತೆ.
"ನನಗೂ ಆಯ್ತಲ್ಲ ಪೊರೆ ಆಪರೇಷನ್ನು,
ಯಾರೂ ವಾಪಸ್ ಕರೀಲಿಲ್ಲ."

ಇಪ್ಪತ್ನಾಲ್ಕು ವರ್ಷ ಹೊಡೆದದ್ದೆಲ್ಲ
ವಿಮಾನದ ಬಾಲಕ್ಕೆ ಉದ್ದ ಹಗ್ಗದಲ್ಲಿ ಕಟ್ಟಿದ
ಕೆಂಪು ಬಟ್ಟೆಗೆ.
"ಹಗ್ಗದ ಆ ತುದೀಲೂ ಒಬ್ಬ ಕೂತಿರ್ತಿದ್ದ.
ಹೆಸರು ಕೊನೆಗೂ ಗೊತ್ತಾಗ್ಲಿಲ್ಲ.
ನನ್ನ ನಂಬ್ಕೊಂಡೇ ಹಾರ್ತಿದ್ದ, ಪಾಪ."

ಇದ್ದಲ್ಲಿಗೆ ಹೊಡೀಬಾರದು, ಬರೋ ಜಾಗಕ್ಕೆ ಹೊಡೀಬೇಕು.
ಫಿಲೇಚರಿನಲ್ಲಿ ನೂಲು ತೆಗೆಯುವ ಹುಡುಗರಿಗೂ
ಇದನ್ನೇ ಹೇಳುತ್ತಾರೆ.
ಅವರು ಸುಮ್ಮನೆ ತಲೆಯಾಡಿಸಿ
ಬಿಸಿನೀರಿನಲ್ಲಿ ಎಳೆ ಹುಡುಕುತ್ತಾರೆ.

ಮೊನ್ನೆ ಆಲ್ಬಮ್ ಬಂತು.
ಮೇಲಿನಿಂದ ತೆಗೆದದ್ದು: ಇನ್ನೂರು ಮುಖ,
ಎಲ್ಲರೂ ಡ್ರೋನನ್ನೇ ನೋಡಿ ನಗುತ್ತಿದ್ದಾರೆ,
ಮದುಮಗನೂ.
ಮಾವನ ಕಣ್ಣು ಮಾತ್ರ
ಎರಡು ಬೆರಳು ಮುಂದೆ,
ಅದಿನ್ನೂ ಬಂದಿರದ ಕಡೆ.