ಹದಿಮೂರನೆಯ ಮರಿ

ನಾಪೋಕ್ಲಿನಿಂದ ಬೊಳ್ಳವ್ವನ ಫೋನು, ರಾತ್ರಿ ಒಂದೂವರೆಗೆ:
"ಹದಿಮೂರು ಹಾಕಿದೆ ಡಾಕ್ಟ್ರೇ, ಮೊಲೆ ಹನ್ನೆರಡೇ."
ಲೆಕ್ಕ ಅಷ್ಟೇ. ಉಳಿದದ್ದು ನಾನೇ ತಿಳಿಯಬೇಕು.
ದಾರಿಯುದ್ದಕ್ಕೂ ಹೊಳೆಯ ಮಂಜು, ಕನ್ನಡಕದ ಮೇಲೆ.

ಹಂದಿದೊಡ್ಡಿಯ ಮೂಲೆಯಲ್ಲಿ ಕಾಫಿಯ ಗೋಣಿಚೀಲ,
ಚೀಲದೊಳಗೆ ಮರಿ, ಒಂದು ಬದನೆಕಾಯಿಯಷ್ಟು,
ಬದನೆಕಾಯಿಗಿಂತ ತಣ್ಣಗೆ.
ಸ್ವೆಟರಿನೊಳಗೆ ಇಟ್ಟುಕೊಂಡೆ.
"ಹುಟ್ಟಿದ್ದು ಯಾವಾಗ?"
"ಸಂಜೆ, ದೀಪ ಹಚ್ಚುವ ಹೊತ್ತು."
ಬೆರಳು ಮಡಚಿದೆ. ಎಂಟು ಗಂಟೆ. ಸದ್ಯ.

ತಾಯಿಹಂದಿಯ ಪಕ್ಕ ಮೊಣಕಾಲೂರಿ ಅವಳು ಹಿಂಡುತ್ತಿದ್ದಳು,
ಸ್ಟೀಲಿನ ಚಮಚಕ್ಕೆ ಹನಿ ಹನಿ ಗಿಣ್ಣು.
ಸುಮ್ಮನಿರಲಾರದೆ ನಾನು ಶುರುಮಾಡಿದೆ:

ನೋಡಿ ಬೊಳ್ಳವ್ವ, ಈ ಮರಿಯ ಕರುಳಿಗೆ ಇನ್ನೂ ಬಾಗಿಲು ಕೂತಿಲ್ಲ.
ಒಳಪದರದ ಒಂದೊಂದು ಕಣವೂ ಬಾಯ್ತೆರೆದ ಮಡಕೆ,
ತಾಯಿ ಹಾಲಲ್ಲಿ ಕಳಿಸಿದ ಕಾವಲುಗಾರರನ್ನು
ಅಗಿಯದೆ ಮುರಿಯದೆ ಇಡಿಯಾಗಿ ನುಂಗಿ
ಆಚೆಗೆ, ರಕ್ತಕ್ಕೆ, ದಾಟಿಸುತ್ತದೆ.
ಒಂದು ಹಗಲು, ಒಂದು ರಾತ್ರಿ. ಹೆಚ್ಚೆಂದರೆ ಇನ್ನೊಂದೆರಡು ಜಾವ.
ಆಮೇಲೆ ಮುಚ್ಚಿಕೊಳ್ಳುತ್ತದೆ. ಬಡಿದರೂ ತೆರೆಯದು.

ಒಳಗೆಲ್ಲ ಸಣ್ಣ ಸಣ್ಣ ಬೆರಳುಗಳು, ಸಸಿಮಡಿಯಂತೆ ಒತ್ತಾಗಿ.
ಬುಡದ ಕುಳಿಯಲ್ಲಿ ಹೊಸ ಕಣ ಹುಟ್ಟಿ
ಹಿಂದಿನದನ್ನು ತಳ್ಳುತ್ತ ಏರುತ್ತದೆ,
ತುದಿ ಮುಟ್ಟಿ ಉದುರುತ್ತದೆ.
ಹುಟ್ಟುವಾಗ ತಂದ ಮಡಕೆಗಳೆಲ್ಲ ಹೀಗೇ
ಮೂರು ವಾರದಲ್ಲಿ ಖಾಲಿ.
ನುಚ್ಚು ತಿನ್ನುವ ದಿನಕ್ಕೆ ಬೇರೆಯೇ ಕರುಳು,
ಹಾಲು ಬಿಡಿಸಿದ ಪೆಟ್ಟಿಗೆ ಆ ಬೆರಳೂ ಒಮ್ಮೆ ಗಿಡ್ಡವಾಗಿ...

"ಮಾತು ಸಾಕು, ಅದರ ಬಾಯಿ ಹಿಡೀರಿ."

ಹಿಡಿದೆ. ಮೊದಲ ಚಮಚ ಕೆನ್ನೆಯಿಂದ ಇಳಿಯಿತು.
ಎರಡನೆಯದು ನನ್ನ ತೋಳಿಗೆ.
ಮೂರನೆಯದಕ್ಕೆ ಗಂಟಲು ಅಲುಗಿತು.

ಆಗ ಹೇಳಿದಳು, ನನ್ನತ್ತ ನೋಡದೆ:
"ಮದುವೆಮನೆಗಳಲ್ಲಿ ಎಷ್ಟು ಕರುಳು ತೊಳೆದಿದ್ದೇನೆ,
ತೋಡಿನ ನೀರಲ್ಲಿ, ಒಳಮೈ ಹೊರಗೆ ತಿರುವಿ.
ಹೆಬ್ಬೆರಳಿಗೆ ಗೊತ್ತಾಗುತ್ತದೆ. ಮಕಮಲ್ಲು.
ಹಾಲು ಕುಡಿದು ಬೆಳೆದದ್ದು ಕೈ ಹಿಡಿಯುತ್ತದೆ.
ಕುಡಿಯದ್ದು ಒದ್ದೆ ಕಾಗದ."

ಲ್ಯಾಬಿನಲ್ಲಿ ಎರಡು ವರ್ಷ,
ಗಾಜಿನ ಮೇಲೆ ಗುಲಾಬಿ ಬಣ್ಣ ಹಾಯಿಸಿ
ಆ ಬೆರಳುಗಳ ಎತ್ತರ ಅಳೆದವಳು ನಾನು.
ಹೆಬ್ಬೆರಳಿನಿಂದ ಒಮ್ಮೆಯೂ ಮುಟ್ಟಿರಲಿಲ್ಲ.

ಎಂಟನೆಯ ಚಮಚ. ಕಾಡುಕೋಳಿ ಇನ್ನೂ ಕೂಗಿಲ್ಲ.
ಇದರ ಕರುಳನ್ನೂ ಮುಂದಿನ ವರ್ಷ ಯಾರದೋ ಮದುವೆಗೆ
ಅವಳೇ ತಿರುವುತ್ತಾಳೆ, ತೋಡಿನಲ್ಲಿ. ಇಬ್ಬರಿಗೂ ಗೊತ್ತು.
ಮರಿ ಸ್ವೆಟರಿನೊಳಗೆ ಉಚ್ಚೆ ಹೊಯ್ದಿತು, ಬೆಚ್ಚಗೆ.
ಗಡಿಯಾರ ನೋಡಿದೆ.
"ಇನ್ನೊಂದು ಚಮಚ ಹಿಂಡಿ," ಅಂದೆ.