ಹನ್ನೊಂದು ಒಡೆದ ರಾತ್ರಿ

ಕುರಿಗಳನ್ನು ಕಲ್ಲುದೊಡ್ಡಿಗೆ ಕೂಡಿ
ಮುಳ್ಳು ಅಡ್ಡ ಎಳೆದು
ಮಾಲೊಟಿ ಬೆಟ್ಟದ ಬೆನ್ನಿನಿಂದ ಇಳಿಯುತ್ತೇವೆ
ಆರೇಳು ಮಂದಿ ದನಗಾಹಿ, ಕುರಿಗಾಹಿ ಹುಡುಗರು,
ಮೆ ಮಾಟ್ಸೆಪಿಸೊ ಹಚ್ಚಿಟ್ಟ ದೀಪದ ಕಡೆಗೆ.
ಗಮ್‌ಬೂಟಿನೊಳಗೆ ಹಿಮ.
ನಾಯಿಗಳು ಬಾಗಿಲಿಗೆ ಬೆನ್ನು ಕೊಟ್ಟು ಹೊರಗೇ ಮಲಗುತ್ತವೆ.
ಅವಕ್ಕೆ ಲೆಕ್ಕ ಬೇಡ.

ನನಗೆ ಹತ್ತೊಂಬತ್ತು. ಪಕ್ಕದ ಸೆಖೋಬೆಗೆ ಹನ್ನೆರಡು.
ಇಬ್ಬರಿಗೂ ಸೇರಿ ಒಂದು ಪೆನ್ಸಿಲ್ಲು;
ಅವನು ಬರೆವಾಗ ನಾನು ಕೈ ಕಾಯಿಸುತ್ತೇನೆ.

ಹೋದ ಚಳಿಗಾಲಕ್ಕೇ ಸುಲಭದವು ಮುಗಿದಿದ್ದವು,
ಎಕ್ಸ್ ವರ್ಗದ ಮುಂದೆ ಯಾರೂ ನಿಲ್ಲದಂಥವು.
ಕೊನೆಯದನ್ನು ಎರಡು ಮಾಡು,
ಕೂಡಿದರೆ ನಡುವಿನದು ಬಂತೇ, ಮುಗಿಯಿತು.
ಬಾಯಲ್ಲೇ ಹೇಳಿಬಿಡುತ್ತಿದ್ದೆವು
ಸಂಜೆ ದೊಡ್ಡಿಯ ಬಾಯಲ್ಲಿ ತಲೆ ಎಣಿಸಿದ ಹಾಗೆ.

ಈ ರಾತ್ರಿ ಆಕೆ ಕರಿಹಲಗೆಯ ಮೇಲೆ
(ಹಲಗೆಯಲ್ಲ ಅದು, ಸತ್ತ ಲಾರಿಯ ಬಾನೆಟ್ಟು)
ಬರೆದರು:
ಆರು ಎಕ್ಸ್ ವರ್ಗ, ಕೂಡು ಹನ್ನೊಂದು ಎಕ್ಸ್, ಕೂಡು ಮೂರು.

ಆರು ನಿಂತಿದೆ ಮುಂದೆ,
ದೊಡ್ಡಿಯ ಕಿಂಡಿಯಲ್ಲಿ ಟಗರು ನಿಂತಂತೆ.
ಹಿಂದಿನವು ಅದನ್ನು ದಾಟಿ ಬರುವ ಹಾಗಿಲ್ಲ.
ಸೆಖೋಬೆ ಹಳೇ ಅಭ್ಯಾಸದಲ್ಲಿ ಮೂರನ್ನು ಒಡೆದ:
ಒಂದು, ಮೂರು. ಕೂಡಿದರೆ ನಾಲ್ಕು.
'ಉಳಿದ ಏಳು ಎಲ್ಲಿ?' ಎಂದರು ಮೆ.
'ನರಿ ತಿಂತು.'
ನಕ್ಕೆವು. ನಗು ಬಾಯಿಂದ ಹೊಗೆಯಾಗಿ ಹೊರಟು
ದೀಪದ ಸುತ್ತ ನಿಂತಿತು.

'ಮುಂದಿನದನ್ನೂ ಹಿಂದಿನದನ್ನೂ ಮೊದಲು ಗುಣಿಸಿ.'
ಹದಿನೆಂಟು.
'ಈಗ ಇಬ್ಬರನ್ನು ಹುಡುಕಿ. ಗುಣಿಸಿದರೆ ಹದಿನೆಂಟು,
ಕೂಡಿದರೆ ಹನ್ನೊಂದು.'
ಮಣ್ಣುನೆಲದ ಮೇಲೆ ಕಲ್ಲು ಹರಡಿದೆವು.
ಆರು, ಮೂರು: ಒಂಬತ್ತೇ ಆಯಿತು.
ಹದಿನೆಂಟು, ಒಂದು: ನನ್ನ ವಯಸ್ಸಾಯಿತು.
ಒಂಬತ್ತು, ಎರಡು.
ಒಂಬತ್ತು ಎರಡು!
ಸೆಖೋಬೆ ಕೂಗಿದ್ದಕ್ಕೆ ಹೊರಗೆ ನಾಯಿ ಬೊಗಳಿತು.

ಹನ್ನೊಂದನ್ನು ಒಡೆಯಲು ನನಗೆ ಮಾತ್ರ ಮನಸ್ಸಿಲ್ಲ.
ಒಡೆಯ ಫಾಕಿಸಿ ವರ್ಷದ ಕೂಲಿಗೆಂದು
ಕಿವಿ ಕತ್ತರಿಸಿ ಗುರುತು ಹಾಕಿ ಕೊಟ್ಟ ಕುರಿ ಹನ್ನೊಂದು.
ಮಾತಾಡಿದ್ದು ಹನ್ನೆರಡು.
'ಒಂದರಲ್ಲಿ ಏನಿದೆ' ಅಂದಿದ್ದ,
ನಾನೂ ತಲೆ ಹಾಕಿದ್ದೆ.

ಬರೆದೆ. ಆರು ಎಕ್ಸ್ ವರ್ಗ, ಒಂಬತ್ತು ಎಕ್ಸ್ ಈ ಕಡೆ.
ಎರಡು ಎಕ್ಸ್, ಮೂರು ಆ ಕಡೆ.
ಈ ಕಡೆಯಿಂದ ಮೂರು ಎಕ್ಸ್ ಹೊರಗೆ ಬಂತು,
ಆವರಣದಲ್ಲಿ ಉಳಿದದ್ದು ಎರಡು ಎಕ್ಸ್, ಕೂಡು ಮೂರು.
ಆ ಕಡೆ ನೋಡಿದರೆ
ಆಗಲೇ ಅದೇ ಮುಖ: ಎರಡು ಎಕ್ಸ್, ಕೂಡು ಮೂರು.
ಬೇರೆ ಬೇರೆ ಬೆಟ್ಟದಲ್ಲಿ ಮೇದ ಅವಳಿ ಮರಿಗಳು.

'ಇಲ್ಲಿ ಹೊರಗೆ ತೆಗೆಯಲು ಏನೂ ಇಲ್ಲ' ಎಂದೆ.
ಜಾಗ ಖಾಲಿ ಬಿಟ್ಟೆ.
ಆಕೆ ಬಂದು ಪೆನ್ಸಿಲ್ಲು ತೆಗೆದುಕೊಂಡರು,
ಖಾಲಿಯ ಮೇಲೆ ತುದಿ ಊರಿದರು.
'ಏನೂ ಇಲ್ಲದ ಕಡೆ ಸೊನ್ನೆ ಇರುತ್ತೆ ಅಂದುಕೊಂಡಿದ್ದೀಯ.
ಸೊನ್ನೆಯಾದರೆ ಇವರಿಬ್ಬರೂ ಸತ್ತರು.
ಒಂದು. ಬರೆ.
ಕಾಣದಿದ್ದರೂ ಅದು ಮೊದಲಿಂದ ಅಲ್ಲೇ ಇತ್ತು.'

ಬರೆದೆ.
ಮೂರು ಎಕ್ಸ್ ಕೂಡು ಒಂದು ಒಂದು ಆವರಣದಲ್ಲಿ,
ಎರಡು ಎಕ್ಸ್ ಕೂಡು ಮೂರು ಇನ್ನೊಂದರಲ್ಲಿ.
ತಿರುಗಿ ಗುಣಿಸಿದೆವು, ನಂಬಿಕೆ ಸಾಲದೆ:
ಆರು ಬಂತು, ಒಂಬತ್ತೂ ಎರಡೂ ಕೈಹಿಡಿದು ಬಂದವು,
ಕೊನೆಗೆ ಮೂರು.
ಒಂದನ್ನು ಒರೆಸಿ ಮತ್ತೆ ಗುಣಿಸಿದೆ.
ಎರಡೂ ಬರಲಿಲ್ಲ, ಮೂರೂ ಬರಲಿಲ್ಲ.

ಬೆಳಗ್ಗೆ ಕುದುರೆ ಮೇಲೆ ಬಂದ ಫಾಕಿಸಿ.
ಕೋಲಿನಿಂದ ಹಿಮದ ಮೇಲೆ ಒಂದು ಗೀರು ಎಳೆದೆ,
ಗೇಣುದ್ದ, ನೆಟ್ಟಗೆ.
'ಏನದು?'
'ಅದರಲ್ಲಿ ಏನಿದೆ ಅಂದಿದ್ದಿರಲ್ಲ.'
ಅವನು ಗೀರು ನೋಡಿದ, ದೊಡ್ಡಿ ನೋಡಿದ,
ಕಂಬಳಿಯ ಪಿನ್ನು ಬಿಚ್ಚಿ ಮತ್ತೆ ಹಾಕಿಕೊಂಡ.
ಕುದುರೆ ಮಾತ್ರ ತಲೆ ಬಗ್ಗಿಸಿ
ಆ ಒಂದರ ತುದಿಯನ್ನು ಮೂಸುತ್ತಿತ್ತು.